12 ಬೋರ್ ಎಂದು ಬರೆದು ಬೇರೇನೋ ಕಳಿಸಿದ್ದೀರಿ: ಬಂದೂಕು ಕ್ಲೀನಿಂಗ್ ಕಿಟ್ ಬಗ್ಗೆ ದೂರು

ಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳಿಗೆ

ವಿಷಯ: ವಿವರಣೆಗೆ ಹೊಂದದ ಕಿಟ್ ಕಳಿಸಿದ್ದು ಮತ್ತು ವಾಪಸ್ ಪಡೆಯಲು ನಿರಾಕರಿಸಿದ್ದು

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ "12 ಬೋರ್ ಶಾಟ್‌ಗನ್ ಸಂಪೂರ್ಣ ಕ್ಲೀನಿಂಗ್ ಕಿಟ್, ಹೊಸಬರಿಗೂ ಸೂಕ್ತ" ಎಂದು ಹಾಕಿದ್ದನ್ನು ನೋಡಿ 1,850 ರೂಪಾಯಿ ಕೊಟ್ಟು ತರಿಸಿಕೊಂಡೆ. ಬೋರ್ ಅಂದರೆ ಬಂದೂಕಿನ ನಳಿಗೆಯ ಅಳತೆ. ಬಂದ ಸಾಮಾನಿನಲ್ಲಿ 12 ಬೋರ್‌ಗೆ ಹೊಂದುವುದು ಏನೂ ಇಲ್ಲ. ವಾಪಸ್ ತಗೊಳ್ಳಿ ಎಂದರೆ, "ಪ್ಯಾಕ್ ಒಡೆದಿದ್ದೀರಿ, ಆಗಲ್ಲ" ಎಂಬ ಉತ್ತರ ಬಂತು. ಒಡೆಯದೆ ಒಳಗೆ ಏನಿದೆ ಅಂತ ನೋಡುವುದು ಹೇಗೆ? ಅದನ್ನೂ ನೀವೇ ಹೇಳಿಬಿಡಿ.

ಬಂದೂಕು ನನಗೆ ಹೊಸದು, ಮನೆಗೆ ಹಳೆಯದು. ಚಿಂಚೋಳಿ ತಾಲ್ಲೂಕಿನ ನಮ್ಮ ಹೊಲದಲ್ಲಿ ತೊಗರಿ ಹಾಕುತ್ತೇವೆ. ಬೆಳೆ ರಕ್ಷಣೆಗೆಂದು ತಂದೆಯವರು ಬಹಳ ಹಿಂದೆಯೇ ಪರವಾನಗಿ ಪಡೆದು ಡಬಲ್ ಬ್ಯಾರಲ್ ಬಂದೂಕು ಇಟ್ಟುಕೊಂಡಿದ್ದರು. ಪರವಾನಗಿ ಇದ್ದವರಿಗೆ 70 ವರ್ಷ ತುಂಬಿದರೆ ವಾರಸುದಾರರು ಅದೇ ಬಂದೂಕಿಗೆ ತಮ್ಮ ಹೆಸರಲ್ಲಿ ಪರವಾನಗಿ ಕೇಳಬಹುದು ಎಂದು 2016ರ ಆಯುಧ ನಿಯಮಗಳಲ್ಲಿದೆ. ಹಾಗೆ ಅದು ನನ್ನ ಹೆಸರಿಗೆ ಬಂತು. ಜೊತೆಗೆ ಅದನ್ನು ಒರೆಸಿ ಇಡುವ ಕೆಲಸವೂ ಬಂತು. ನಮ್ಮ ಕಡೆ ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ಮಳೆಗಾಲದಲ್ಲಿ ತೇವ. ಚುನಾವಣೆ ಬಂದರೆ ಬಂದೂಕು ಠಾಣೆಯಲ್ಲಿ ಜಮೆ. ವಾಪಸ್ ಬರುವವರೆಗೆ ಅದನ್ನು ಬಿಚ್ಚಿ ಒರೆಸುವವರು ಯಾರು? ತುಕ್ಕು ಹಿಡಿಯಲು ಇಷ್ಟು ಸಾಕಲ್ವಾ.

ಈಗ ನಿಮ್ಮ ಡಬ್ಬಿಯ ವಿಷಯ.

ಮೊದಲು ಬ್ರಷ್. 12 ಬೋರ್ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರ್. ನೀವು ಕಳಿಸಿದ ಬ್ರಷ್ ಅಳೆದರೆ 16 ಕೂಡ ಇಲ್ಲ. ಅದು 20 ಬೋರ್‌ನದು. 20 ದೊಡ್ಡ ಸಂಖ್ಯೆ, ಹಾಗಾಗಿ ದೊಡ್ಡ ಬ್ರಷ್ ಎಂದು ನಿಮ್ಮ ಗೋದಾಮಿನವರು ಅಂದುಕೊಂಡರೋ ಏನೋ. ಈ ಲೆಕ್ಕ ಉಲ್ಟಾ. ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ಬರುತ್ತವೋ ಅದೇ ಬೋರ್ ಸಂಖ್ಯೆ. ಸಂಖ್ಯೆ ಜಾಸ್ತಿ ಆದಷ್ಟೂ ನಳಿಗೆ ಸಣ್ಣದು. ನಿಮ್ಮ ಬ್ರಷ್ಷನ್ನು ನನ್ನ ನಳಿಗೆಯಲ್ಲಿ ಆಡಿಸುವುದೆಂದರೆ ಕಾಳು ತುಂಬಿಡುವ ಹಗೇವಿನೊಳಗೆ ಸೌಟು ಆಡಿಸಿದ ಹಾಗೆ. ಎಲ್ಲೂ ತಾಗುವುದೇ ಇಲ್ಲ.

ತಾಗದೇ ಇದ್ದದ್ದೇ ಒಳ್ಳೆಯದಾಯಿತು. ವಿವರಣೆಯಲ್ಲಿ "ಕಂಚಿನ ಬ್ರಷ್" ಎಂದಿತ್ತು. ಅಯಸ್ಕಾಂತ ಹಿಡಿದರೆ ಎಳೆ ಎಳೆಯೂ ಅಂಟಿಕೊಂಡಿತು. ಅಂದರೆ ಕಂಚಿನ ಬಣ್ಣ ಹೊಡೆದ ಉಕ್ಕು. ಬಂದೂಕಿಗೆ ಕಂಚಿನ ಬ್ರಷ್ ಬಳಸುವುದು ಸುಮ್ನೆ ಅಲ್ಲ. ಕಂಚು ನಳಿಗೆಯ ಉಕ್ಕಿಗಿಂತ ಮೆತ್ತಗೆ. ಕೊಳೆಯನ್ನು ಕೆರೆಯುತ್ತದೆ, ನಳಿಗೆಯನ್ನು ಕೆರೆಯುವುದಿಲ್ಲ. ಉಕ್ಕಿನ ಬ್ರಷ್ ಹಾಕಿ ತಿಕ್ಕಿದರೆ ಒಳಗೆ ಗೀರು ಬೀಳುತ್ತದೆ, ಗೀರಿನಲ್ಲಿ ತೇವ ಕೂತು ತುಕ್ಕು ಹಿಡಿಯುತ್ತದೆ. ತುಕ್ಕು ತಪ್ಪಿಸಲು ಕೊಂಡ ಸಾಮಾನಿನಿಂದಲೇ ತುಕ್ಕು ಬರಬೇಕೇ?

ರಾಡ್ ಮೂರು ತುಂಡಿನದು, ಚೆನ್ನಾಗಿಯೇ ಇದೆ. ಆದರೆ ಬ್ರಷ್ ತಿರುಗಿಸಿ ಕೂರಿಸುವ ಅದರ ಥ್ರೆಡ್ ರೈಫಲ್ ಬ್ರಷ್‌ಗೆ ಆಗುವ ತೆಳು ಥ್ರೆಡ್. ಶಾಟ್‌ಗನ್ ಬ್ರಷ್‌ಗಳ ಥ್ರೆಡ್ ದಪ್ಪ. ಹಾಗಾಗಿ ಹೈದರಾಬಾದಿನ ಪರವಾನಗಿ ಇರುವ ಬಂದೂಕಿನ ಅಂಗಡಿಯಿಂದ ತಂದ ಸರಿಯಾದ ಬ್ರಷ್ ಕೂಡ ಇದಕ್ಕೆ ಕೂರಲಿಲ್ಲ. ಬಟ್ಟೆ ತುಂಡುಗಳು ಒಂದು ಇಂಚಿನವು. 12 ಬೋರ್‌ಗೆ ಸುಮಾರು ಮೂರು ಇಂಚಿನ ಚೌಕ ಬೇಕು. ಈ ವಿಷಯದಲ್ಲಿ ನಿಮ್ಮ ಕಿಟ್‌ಗಿಂತ ನಮ್ಮ ತಂದೆಯ ಹಳೆ ಧೋತರವೇ ವಾಸಿ.

ಇನ್ನು ಬಾಟಲಿ. ನನಗೆ ಹೆಚ್ಚು ಸಿಟ್ಟು ಬಂದದ್ದು ಇದರ ಮೇಲೆ. ಮೇಲೆ "ಗನ್ ಕ್ಲೀನರ್" ಎಂದಿದೆ, ಅಷ್ಟೇ. ಒಳಗೆ ಏನಿದೆ, ಯಾರು ತಯಾರಿಸಿದರು, ಯಾರು ಆಮದು ಮಾಡಿದರು, ಯಾವ ದೇಶದ್ದು, ಒಂದೂ ಇಲ್ಲ. ಪ್ಯಾಕ್ ಮಾಡಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ ಇರಲೇಬೇಕು ಎಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುವಷ್ಟು ಅಮೋನಿಯಾ ವಾಸನೆ. ಅಮೋನಿಯಾ ಇರುವ ದ್ರಾವಣ ರೈಫಲ್‌ಗೆ ಬೇಕಾಗುತ್ತದೆ, ಏಕೆಂದರೆ ರೈಫಲ್ ಗುಂಡಿನ ಮೇಲೆ ತಾಮ್ರದ ಹೊದಿಕೆ ಇರುತ್ತದೆ, ಅದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ನನ್ನ ತೋಟೆಯಲ್ಲಿರುವುದು ಸೀಸದ ಸಣ್ಣ ಚರೆ, ಅದರ ಹಿಂದೆ ಮದ್ದಿನಿಂದ ಬೇರೆ ಮಾಡುವ ಪ್ಲಾಸ್ಟಿಕ್ ವ್ಯಾಡ್. ತಾಮ್ರವೇ ಇಲ್ಲದ ಕಡೆ ತಾಮ್ರ ತೆಗೆಯುವ ದ್ರಾವಣ ಯಾಕೆ? ಇಲ್ಲಿ ತೆಗೆಯಬೇಕಾದ್ದು ಸುಟ್ಟ ಮದ್ದಿನ ಕರಿ, ಸೀಸ ಮತ್ತು ಕರಗಿ ಅಂಟಿದ ಪ್ಲಾಸ್ಟಿಕ್. ಇವು ತೋಟೆ ಕೂರುವ ಜಾಗದ ಮುಂದೆ ಮತ್ತು ತುದಿಯಲ್ಲಿ ನಳಿಗೆ ಕಿರಿದಾಗುವ ಚೋಕ್ ಹತ್ತಿರ ಜಾಸ್ತಿ ಕೂರುತ್ತವೆ.

ಜೊತೆಗೆ ಇಟ್ಟ ಚೀಟಿಯಲ್ಲಿ "ಎಲ್ಲ ಭಾಗಕ್ಕೂ ಧಾರಾಳವಾಗಿ ಎಣ್ಣೆ ಹಾಕಿ" ಎಂದಿದೆ. ಕಲಬುರಗಿ ಧೂಳಿನಲ್ಲಿ ಧಾರಾಳ ಎಣ್ಣೆ ಹಾಕಿದರೆ ಒಂದು ವಾರದಲ್ಲಿ ಎಣ್ಣೆ ಯಾವುದು, ಕೆಸರು ಯಾವುದು ಗೊತ್ತಾಗುವುದಿಲ್ಲ. ಹೆಚ್ಚಾದ ಎಣ್ಣೆ ಕೆಳಗಿಳಿದು ಮರದ ಹಿಡಿಗೆ ಇಂಗಿ ಮರವನ್ನು ಮೆತ್ತಗೆ ಮಾಡುತ್ತದೆ. ತೆಳ್ಳಗೆ ಒಂದು ಪದರ ಒರೆಸಿದರೆ ಸಾಕು. ಎರಡು ಭಾಗ ಮಡಿಚುವ ಕೀಲಿಗೆ ಮಾತ್ರ ಒಂದು ಚೂರು ಗ್ರೀಸ್. ಮರಕ್ಕೆ ಅಗಸೆ ಎಣ್ಣೆ, ಅದೂ ಮರಕ್ಕೆಂದೇ ಮಾರುವ ಕಾಯಿಸಿದ ಎಣ್ಣೆ. ಅಡುಗೆ ಎಣ್ಣೆ ಹಚ್ಚುವವರನ್ನೂ ನಮ್ಮ ಕಡೆ ನೋಡಿದ್ದೇನೆ, ಅದು ಸರಿಯಾಗಿ ಒಣಗದೆ ಅಂಟಾಗುತ್ತದೆ. ಶುಚಿ ಮಾಡುವ ಮೊದಲು ತೋಟೆ ಇಲ್ಲವೆಂದು ನೋಡಿಕೊಳ್ಳಿ ಎಂಬ ಒಂದು ಸಾಲು ನಿಮ್ಮ ಚೀಟಿಯಲ್ಲಿ ಎಲ್ಲೂ ಇಲ್ಲ. ಹೊಸಬರಿಗೆ ಎಂದು ಬರೆದ ಚೀಟಿಯಲ್ಲಿ ಮೊದಲ ಸಾಲೇ ಅದಾಗಬೇಕಿತ್ತು.

ನಿಮ್ಮ ಸಹಾಯವಾಣಿಯವರು ಮೊದಲು ಕೇಳಿದ್ದು, "ಸರ್, ಏರ್‌ಗನ್ನಾ?" ಆಮೇಲೆ, "ಎಲ್ಲ ಬಂದೂಕಿಗೂ ಒಂದೇ ಸರ್, ಬಳಸುತ್ತಾ ಹೋದರೆ ಅಡ್ಜಸ್ಟ್ ಆಗುತ್ತದೆ" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಅವರ ಮುಂದೆ ಇರುವ ಪರದೆಯಲ್ಲಿ ಇದ್ದದ್ದನ್ನೇ ಓದುತ್ತಾರೆ. ಆ ಪರದೆಗೆ ವಿವರ ಹಾಕುವವರು ಯಾರೋ, ಈ ಪತ್ರ ಅವರಿಗೆ. ಅನುಭವ ಇದ್ದವರು ಇಂಥ ಡಬ್ಬಿ ಕೊಳ್ಳುವುದೇ ಇಲ್ಲ, ಒಂದೊಂದಾಗಿ ಆರಿಸಿ ತರುತ್ತಾರೆ. ಕೊಳ್ಳುವವರು ನನ್ನಂಥವರು, ನೀವು ಬರೆದದ್ದನ್ನು ನಂಬಿ ಕೊಳ್ಳುವವರು.

ಆದ್ದರಿಂದ ಕೇಳುತ್ತಿದ್ದೇನೆ. ಕಳಿಸುವ ಖರ್ಚೂ ಸೇರಿ ಪೂರ್ತಿ ಹಣ ವಾಪಸ್ ಕೊಡಿ. ಮಾರಾಟದ ಪುಟದಲ್ಲಿ ಬೋರ್, ಬ್ರಷ್‌ನ ಲೋಹ, ರಾಡ್‌ನ ಥ್ರೆಡ್, ಬಾಟಲಿಯಲ್ಲಿ ಏನಿದೆ ಎಂಬುದನ್ನು ಸರಿಯಾಗಿ ಬರೆಯಿರಿ. ಅಲ್ಲಿಯವರೆಗೆ ಈ ಕಿಟ್ ಮಾರುವುದನ್ನು ನಿಲ್ಲಿಸಿ. ಕೂಪನ್, ಮುಂದಿನ ಖರೀದಿಗೆ ರಿಯಾಯಿತಿ ಇಂಥದ್ದು ಬೇಡ.

ವಿವರಣೆಗೆ ಹೊಂದದ ಸರಕನ್ನು ವಾಪಸ್ ತೆಗೆದುಕೊಳ್ಳಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂಬುದೂ ಅಲ್ಲೇ ಇದೆ. ಅದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಬಿಲ್ ನಕಲು, ಬ್ರಷ್ ಅಳತೆಯ ಫೋಟೋ, ಅಯಸ್ಕಾಂತಕ್ಕೆ ಅಂಟಿದ ಫೋಟೋ, ಬಾಟಲಿಯ ನಾಲ್ಕೂ ಬದಿಯ ಫೋಟೋ ಲಗತ್ತಿಸಿದ್ದೇನೆ. ಡಬ್ಬಿ ಇದ್ದಂತೆಯೇ ಇದೆ. ನಿಮ್ಮ ಹುಡುಗರನ್ನು ಕಳಿಸಿ ಒಯ್ಯಿರಿ. ಆ ಬಾಟಲಿಯನ್ನು ನಾನು ಕೊರಿಯರ್‌ಗೆ ಹಾಕುವುದಿಲ್ಲ. ಒಳಗೆ ಏನಿದೆ ಎಂದು ಕೌಂಟರ್‌ನಲ್ಲಿ ಕೇಳಿದರೆ ನಾನು ಏನೆಂದು ಬರೆಸಲಿ?

ಇಂತಿ,
ನಿಮ್ಮ ಗ್ರಾಹಕ
ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ