ಮೇಷ್ಟ್ರ ಔಷಧಿ ಕಾಯ್ದವರಿಗೆ

ಹೋದ ವಾರ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ನೆಲಕ್ಕೆ ಕೂತು ಊಟ ಮಾಡಿದೆ. ಯಾರ ಕೈಯೂ ಹಿಡಿಯದೆ ಎದ್ದೆ. ಇದೇನು ದೊಡ್ಡ ಸಾಧನೆ ಅಂತ ನಗಬೇಡಿ. ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಬೆನ್ನುಮೂಳೆ ಮತ್ತು ಸೊಂಟದ ಕೀಲುಗಳ ಉರಿಯೂತ. ಕೂತಷ್ಟೂ ಬಿಗಿಯುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಬೆಳಗ್ಗೆ ಸಾಕ್ಸ್ ಹಾಕಿಕೊಳ್ಳುವುದಕ್ಕೂ ಹೆಂಡತಿ ಬೇಕಿತ್ತು. (ಅವಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ.)

ಈಗ ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ ಅಡಾಲಿಮುಮಾಬ್ ಇಂಜೆಕ್ಷನ್. ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಅನ್ನುವ ಪ್ರೋಟೀನನ್ನು ಅದು ಕಟ್ಟಿಹಾಕುತ್ತದೆ. ಕಾಯಿಲೆ ವಾಸಿಯಾಗಿಲ್ಲ, ಹದ್ದುಬಸ್ತಿನಲ್ಲಿದೆ.

ಡಾಕ್ಟರು ಮೊದಲು ಟಿಬಿ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿದರು. "ಸೊಂಟ ನೋವಿಗೆ ಎದೆ ಫೋಟೋ ಯಾಕೆ ಡಾಕ್ಟ್ರೇ?" ಅಂದರು ಅಮ್ಮ. ಈ ಔಷಧಿ ಸೋಂಕಿನ ಜೊತೆ ಹೋರಾಡುವ ಶಕ್ತಿಯನ್ನೂ ತಗ್ಗಿಸುತ್ತದೆ, ಮೈಯಲ್ಲಿ ಟಿಬಿ ಸುಮ್ನೆ ಮಲಗಿದ್ದರೆ ಎದ್ದುಬಿಡಬಹುದು ಅಂತ ಅಮ್ಮನಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಡಾಕ್ಟ್ರೇ, ಆ ತಾಳ್ಮೆಗೆ ನಮಸ್ಕಾರ.

ಚುಚ್ಚಿಕೊಳ್ಳುವುದು ಕಲಿಸಿದ್ದು ನರ್ಸ್ ಅಕ್ಕ. "ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಬಿಡಿ, ತಣ್ಣಗಿದ್ದರೆ ಉರಿ ಜಾಸ್ತಿ. ಒಂದು ಸಲ ಎಡತೊಡೆ, ಇನ್ನೊಂದು ಸಲ ಬಲತೊಡೆ. ಆಮೇಲೆ ಉಜ್ಜಬೇಡಿ." ಈಗಲೂ ಇಂಜೆಕ್ಷನ್ ಪೆನ್ನು ಕೈಗೆತ್ತಿಕೊಂಡರೆ ಅವರ ದನಿಯೇ ಕೇಳುತ್ತದೆ.

2014ರ ಕೊನೆಯಲ್ಲಿ ಝೈಡಸ್ ಕಂಪನಿ ಈ ಔಷಧಿಯ ಬಯೋಸಿಮಿಲರನ್ನು, ಅಂದರೆ ಮೂಲ ಔಷಧಿಗೆ ತೀರಾ ಹತ್ತಿರವಿರುವಂತೆ ಬೇರೆ ಕಂಪನಿ ತಯಾರಿಸುವ ಔಷಧಿಯನ್ನು, ನಮ್ಮ ದೇಶದಲ್ಲೇ ತಂದಿತು. ಆಮೇಲೆ ಬೇರೆಯವರೂ ಬಂದರು. ಹಾಗಂತ ಅಗ್ಗವೇನಲ್ಲ. ಮೇಷ್ಟ್ರ ಸಂಬಳಕ್ಕೆ ಹೊರೆಯೇ. ಕೇಳುವ ಮೊದಲೇ ದುಡ್ಡು ಕೊಟ್ಟ ಭಾವ, ನಿಮ್ಮ ಋಣ ದೊಡ್ಡದು.

ಕೊನೆಗೆ ಬೇಕರಿ ಅಣ್ಣ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಈ ಔಷಧಿ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು. ಜನರೇಟರ್ ಇರುವ ಅವರ ಫ್ರಿಜ್ಜಿನಲ್ಲಿ, ಕೇಕಿನ ಪಕ್ಕ ನನ್ನ ಡಬ್ಬಿ. ಮೇಲೆ ಅವರದೇ ಅಕ್ಷರ: "ಮೇಷ್ಟ್ರ ಔಷಧಿ, ಯಾರೂ ಮುಟ್ಟಬಾರದು." ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಅಣ್ಣಾ, ಜೂನ್ ಹತ್ತಿರ ಬಂತು. ಈ ಸಲವೂ ಆ ಮೂಲೆ ನನಗೇ ಇಡಿ, ಆಯ್ತಾ?