ಹಳೆಯ ಸೇತುವೆಗಳಿಗೆ ಸೆನ್ಸರ್ ಅಳವಡಿಸಿ

ಮಾನ್ಯರೇ,

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕುಳಿದದ್ದು ಪುಣ್ಯ. ಮೂರೇ ದಿನಗಳಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು.

ಕಂಪನ, ವಾಲುವಿಕೆ ಮತ್ತು ಬಿರುಕಿನ ಅಗಲವನ್ನು ಅಳೆದು, ತಂತಿಯ ಹಂಗಿಲ್ಲದೆ ಮಾಹಿತಿ ಕಳುಹಿಸುವ ಬ್ಯಾಟರಿಚಾಲಿತ ಪುಟ್ಟ ಸೆನ್ಸರ್‌ಗಳು ಈಗ ದೊರೆಯುತ್ತಿದ್ದು, ಉದ್ದುದ್ದ ಕೇಬಲ್ ಎಳೆಯುವ ಖರ್ಚಿಲ್ಲದ ಕಾರಣ ಹಳೆಯ ಸೇತುವೆಗಳಿಗೂ ಅವನ್ನು ಸುಲಭವಾಗಿ ಅಳವಡಿಸಬಹುದು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರಲ್ಲಿ ಸೇತುವೆ ಕುಸಿದು 13 ಮಂದಿ ಸತ್ತ ಮೇಲೆ, ಮರುವರ್ಷವೇ ಸಿದ್ಧವಾದ ಹೊಸ ಸೇತುವೆಯೊಳಗೆ 300ಕ್ಕೂ ಹೆಚ್ಚು ಸೆನ್ಸರ್‌ಗಳನ್ನು ಇರಿಸಲಾಯಿತು.

ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುವ ನಮ್ಮ ಕರಾವಳಿಯಿಂದಲೇ ಸರ್ಕಾರ ಈ ಕೆಲಸ ಆರಂಭಿಸಲಿ. ಜೊತೆಗೆ, ಸೆನ್ಸರ್‌ಗಳು ಕಳುಹಿಸುವ ಅಂಕಿಗಳನ್ನು ದಿನವೂ ನೋಡುವ, ಅಪಾಯ ಕಂಡೊಡನೆ ಸಂಚಾರ ತಡೆಯುವ ಅಧಿಕಾರವುಳ್ಳ ಎಂಜಿನಿಯರ್ ಒಬ್ಬರನ್ನು ಪ್ರತಿ ಜಿಲ್ಲೆಗೂ ನೇಮಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಉತ್ತರ ಕನ್ನಡ