ನಾಟಕದ ಕೊಳೆ ತೊಳೆಯಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ಮಡಿಕೇರಿಯಲ್ಲಿ ಮೊಮ್ಮಗಳ ಜೊತೆ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಕನ್ನಡದಲ್ಲಿ ನೋಡಿದೆ. ನಟನೆ ಚೆನ್ನಾಗಿತ್ತು. ಆದರೆ ಹೆಣ ಹೂಳಲು ಗುಂಡಿ ತೋಡುವವರ ದೃಶ್ಯವೇ ಇಲ್ಲ! ಹುಣ್ಣು, ಹುಳು, ನಾತದ ಮಾತಿಗೆಲ್ಲ ಕತ್ತರಿ ಬಿದ್ದಿದೆ. ಯಾಕೆ ಅಂತ ತಂಡದವರನ್ನು ಕೇಳಿದೆ. ‘ಮಕ್ಕಳೂ ಬರ್ತಾರಲ್ಲ ಸಾರ್, ಸುಮ್ನೆ ಅಸಹ್ಯ ಯಾಕೆ’ ಅಂದರು.

ಮಳೆಗಾಲದಲ್ಲಿ ಕೊಳೆರೋಗ ಬಂದ ಕಾಫಿ ಎಲೆ ಕಪ್ಪಾಗಿ, ಉದುರದೆ, ಬೂಷ್ಟಿನ ಎಳೆಯಲ್ಲಿ ನೇತಾಡುತ್ತಿರುತ್ತದೆ. ನಮ್ಮ ಮಕ್ಕಳು ಅದನ್ನು ನೋಡಿಕೊಂಡೇ ಸ್ಕೂಲಿಗೆ ಹೋಗುತ್ತಾರೆ. ಅವರಿಗೆ ಕೊಳೆತದ್ದು ಹೊಸದಲ್ಲ.

ನಾನು ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರ, ಇಂಗ್ಲಿಷ್ ಮೇಷ್ಟ್ರಲ್ಲ. ಆದರೂ ಹೇಳುತ್ತೇನೆ, ಆ ನಾಟಕದಲ್ಲಿ ಅಸಹ್ಯವೇ ಕಥೆ. ಮೊದಲ ಅಂಕದಲ್ಲೇ ಹ್ಯಾಮ್ಲೆಟ್‌ಗೆ ಲೋಕವೆಲ್ಲ ಕಳೆ ಕೀಳದ ತೋಟದ ಹಾಗೆ ಕಾಣುತ್ತದೆ. ಡೆನ್ಮಾರ್ಕಿನಲ್ಲಿ ಏನೋ ಕೊಳೆತಿದೆ ಅನ್ನುತ್ತಾನೆ ಕಾವಲಿನ ಮಾರ್ಸೆಲಸ್. ಹ್ಯಾಮ್ಲೆಟ್‌ನ ಅಪ್ಪ, ಹಳೆಯ ರಾಜ, ಸತ್ತಿದ್ದೂ ತೋಟದಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ. ಈಗ ರಾಜನಾಗಿ ಕೂತಿರುವ ಒಡಹುಟ್ಟಿದ ತಮ್ಮ ಕ್ಲಾಡಿಯಸ್ಸೇ ಕಿವಿಗೆ ವಿಷ ಸುರಿದ. ರಕ್ತ ಹೆಪ್ಪುಗಟ್ಟಿ ಮೈಯೆಲ್ಲ ಕುಷ್ಠ ಬಂದ ಹಾಗೆ ಹಕ್ಕಳೆ ಕಟ್ಟಿತು. ಜನಕ್ಕೆ ಹಾವು ಕಚ್ಚಿತು ಅಂತ ಹೇಳಿದರು. ವಿಷ ಹೋಗಿದ್ದು ಒಬ್ಬನ ಕಿವಿಗೆ, ಸುಳ್ಳು ಹೋಗಿದ್ದು ಇಡೀ ದೇಶದ ಕಿವಿಗೆ.

ಮೂರನೇ ಅಂಕದಲ್ಲಿ ಹ್ಯಾಮ್ಲೆಟ್ ತಾಯಿಗೆ ಒಂದು ಮಾತು ಹೇಳುತ್ತಾನೆ. ಹುಣ್ಣಿನ ಮೇಲೆ ತೆಳ್ಳಗೆ ಚರ್ಮ ಕೂಡಿದರೆ ವಾಸಿಯಾದ ಹಾಗಲ್ಲ, ಒಳಗೊಳಗೇ ಅದು ಕೊರೆಯುತ್ತಿರುತ್ತದೆ ಅಂತ. ಅರೇಬಿಕಾ ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬಿಳಿ ಕಾಂಡಕೊರಕ ಅನ್ನುವ ದುಂಬಿ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ತಿನ್ನುತ್ತಾ ಹೋಗಿ, ಕೊರೆದ ದಾರಿಯನ್ನು ತನ್ನ ಹಿಕ್ಕೆಯಿಂದಲೇ ಮುಚ್ಚುತ್ತದೆ. ಮೊದಮೊದಲು ಗಿಡ ಹೊರಗೆ ಹಸಿರಾಗೇ ಇರುತ್ತದೆ. ಕೈಯಾಡಿಸಿದರೆ ಕಾಂಡದ ಮೇಲೆ ನರ ಉಬ್ಬಿದ ಹಾಗೆ ಒಂದು ಗೆರೆ ಸಿಗುತ್ತದೆ, ಅಷ್ಟೇ. ಹೋದ ವರ್ಷ ಅಂಥ ನಲವತ್ತು ಗಿಡ ಕಿತ್ತು ಸುಟ್ಟೆ. ಕ್ಲಾಡಿಯಸ್ ಅಂದರೆ ನನಗೆ ಅದೇ ಗಿಡ. ನಗುತ್ತಾನೆ, ಕುಡಿಯುತ್ತಾನೆ, ಎಲ್ಲರನ್ನೂ ಚೆನ್ನಾಗಿ ಮಾತಾಡಿಸುತ್ತಾನೆ. ಒಬ್ಬನೇ ಇದ್ದಾಗ ಮಾತ್ರ, ತನ್ನ ಪಾಪದ ನಾತ ಸ್ವರ್ಗಕ್ಕೇ ಮುಟ್ಟಿದೆ ಅಂತ ಒಪ್ಪಿಕೊಳ್ಳುತ್ತಾನೆ. ಆ ಮಾತನ್ನೂ ಇವರು ತೆಗೆದುಬಿಟ್ಟಿದ್ದರು.

ಗುಂಡಿ ತೋಡುವವನಂತೂ ನಾಟಕದಲ್ಲೇ ಜಾಸ್ತಿ ನಗಿಸುವ ಆಸಾಮಿ. ಹೆಣ ಕೊಳೆಯಲು ಎಷ್ಟು ಕಾಲ ಬೇಕು ಅಂತ ಹ್ಯಾಮ್ಲೆಟ್ ಕೇಳಿದರೆ, ಎಂಟೊಂಬತ್ತು ವರ್ಷ ಅನ್ನುತ್ತಾನೆ. ಅದೂ, ಸಾಯುವ ಮುಂಚೆಯೇ ಕೊಳೆತಿರದಿದ್ದರೆ! ಅರಮನೆಯವರ ಬಗ್ಗೆ ಇದಕ್ಕಿಂತ ಖಾರದ ಮಾತು ಇಡೀ ನಾಟಕದಲ್ಲಿ ನನಗೆ ಸಿಕ್ಕಿಲ್ಲ. 23 ವರ್ಷ ಮಣ್ಣಲ್ಲಿದ್ದ ವಿದೂಷಕನ ಬುರುಡೆ ಬರುವುದೂ ಅಲ್ಲೇ. ರಾಜಕುಮಾರ ಅದನ್ನು ಮೂಸಿ, ಥೂ ಅಂತ ಕೆಳಗಿಡುತ್ತಾನೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಕೇಳಿದಳು, ‘ತಾತ, ಆ ಕ್ಲಾಡಿಯಸ್ ರಾಜ ಒಳ್ಳೆಯವನೇ ಅಲ್ವಾ? ಪಾಪ, ಯಾಕೆ ಸಾಯಿಸಿದ್ರು?’

ಮುಂದಿನ ಪ್ರದರ್ಶನ ನಮ್ಮೂರಲ್ಲೇ ಅಂತೆ. ಗುಂಡಿ ತೋಡುವವರನ್ನು ವಾಪಸ್ ಕರೆತಂದರೆ ಎರಡು ಟಿಕೆಟ್ ನಮ್ಮದು.

— ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ